ನಾಲ್ಕಡಿ ಕೆಳಗಿನ ಬಂಡೆ

ಕೋಲಾರದ ಕಂಟ್ರಾಕ್ಟರ್ ಉಮಾಶಂಕರ್ ಆಫೀಸಿನಲ್ಲಿ ಎಸ್ಟಿಮೇಟ್ ಹಾಕುವ ಕೆಲಸ ಸಿಕ್ಕ ದಿನವೇ ಮುನಿಲಕ್ಷ್ಮಿ ಅಪ್ಪ ಸೊಣ್ಣಪ್ಪನ ಸುತ್ತಿಗೆ, ಉಳಿಗಳನ್ನು ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಎಸೆದಿದ್ದಳು. ಮೂವತ್ತು ವರ್ಷ ಬಂಡೆ ಒಡೆದವನ ಎಡಗಣ್ಣು ಚಕ್ಕೆ ಸಿಡಿದು ಹೋಗಿತ್ತು. ಇನ್ನೊಂದಾದರೂ ಉಳಿಯಲಿ ಎಂಬುದೇ ಅವಳ ಹಟ.

ನರಸಾಪುರದ ಕಾರ್ಖಾನೆಯೊಂದು ಕ್ಯಾಂಟೀನ್ ಕಟ್ಟಡಕ್ಕೆ ಟೆಂಡರ್ ಕರೆಯಿತು. ಉಳಿದ ಕಂಟ್ರಾಕ್ಟರುಗಳು ಕಾರಿನಿಂದ ಇಳಿಯದೆಯೇ ಜಾಗ ನೋಡಿ ಹೋದರು. ಮುನಿಲಕ್ಷ್ಮಿ ಅಪ್ಪನನ್ನು ಕರೆದುಕೊಂಡು ಹೋದಳು. ಸೊಣ್ಣಪ್ಪ ಅಲ್ಲಲ್ಲಿ ಹಾರೆ ಇಳಿಸಿ, ಕಿವಿಗೊಟ್ಟು ಸದ್ದು ಕೇಳಿದ.

"ನಾಲ್ಕಡಿಗೆ ಬಂಡೆ ಅದೆ ಅಮ್ಮಣ್ಣೀ. ಎಲ್ಲಾ ಒಂದೇ ಹಾಸು."

ಪಕ್ಕದ ಶೆಡ್ಡಿನಲ್ಲಿ ನಾಜೂಕಿನ ಯಂತ್ರಗಳಿದ್ದುದರಿಂದ ಸಿಡಿಮದ್ದು ಇಡುವಂತಿಲ್ಲ, ಬಂಡೆ ಒಡೆಯುವ ಮೆಷಿನ್ನೂ ಕೂಡದು ಎಂದು ಟೆಂಡರಿನಲ್ಲಿ ಬರೆದಿತ್ತು. ಕೈಯಲ್ಲೇ ಒಡೆಯಬೇಕು. ಘನ ಮೀಟರಿಗೆ ಮೂರು ಸಾವಿರದಂತೆ ಅವಳು ಎಸ್ಟಿಮೇಟಿಗೆ ಮೂರು ಲಕ್ಷ ಸೇರಿಸಿದಳು.

"ಬಂಡೆ ಅಂತ ಯಾರಮ್ಮ ಹೇಳಿದ್ದು ನಿಂಗೆ?" ಎಂದ ಉಮಾಶಂಕರ್.

"ನಮ್ಮಪ್ಪ ಸಾರ್. ಬಂಡೆ ಕೆಲಸದಲ್ಲಿ ಈ ಕಡೆ ಅವ್ರನ್ನ ಬಿಟ್ರೆ ಇನ್ಯಾರೂ ಇಲ್ಲ."

ಆಡಬಾರದ ಮಾತು ಅದು. ಹೆಮ್ಮೆಯಲ್ಲಿ ಬಾಯಿತಪ್ಪಿ ಬಂದುಬಿಟ್ಟಿತು.

"ಇರೋದನ್ನೆಲ್ಲಾ ಬರೆದ್ರೆ ಟೆಂಡರ್ ಸಿಕ್ಕಂಗೇ! ತೆಗಿ ಅದನ್ನ. ಆಮೇಲೆ ನೋಡ್ಕೊಳ್ಳೋಣ."

"ಆಮೇಲೆ ಒಂದ್ ಪೈಸೆ ಜಾಸ್ತಿ ಕೊಡಲ್ಲ ಅಂತ ಬರೆದವ್ರೆ ಸಾರ್."

ಉಮಾಶಂಕರ್ ನಕ್ಕು ಕೆಂಪು ಪೆನ್ನಿನಲ್ಲಿ ಗೀಟು ಎಳೆದ. 'ಆಮೇಲೆ' ಎಂದು ಹೇಳಿಕೊಂಡೇ ಮೂರು ಅಂತಸ್ತಿನ ಮನೆ ಕಟ್ಟಿಸಿದ ಪುಣ್ಯಾತ್ಮ ಅವನು. ಆ ಆಮೇಲೆ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಯೋಚಿಸುವ ಕಷ್ಟ ಅವನಿಗೆ ಎಂದೂ ಬಂದಿರಲಿಲ್ಲ.

ಎರಡನೆಯವರಿಗಿಂತ ಒಂದು ಲಕ್ಷ ಕಡಿಮೆಗೆ ಟೆಂಡರ್ ಸಿಕ್ಕಿತು. ಆಫೀಸಿನಲ್ಲಿ ಮೈಸೂರು ಪಾಕ್ ಹಂಚಿದರು. ಪಾಯ ತೋಡಲು ಹೋದಾಗ, ಸೊಣ್ಣಪ್ಪ ಹೇಳಿದ ಹಾಗೆಯೇ, ನಾಲ್ಕಡಿಗೆ ಬಂಡೆ ಸಿಕ್ಕಿತು.

ಮರುವಾರ ಅಳತೆ ತೆಗೆಯಲು ಹೋದ ಮುನಿಲಕ್ಷ್ಮಿಗೆ ದೂರದಿಂದಲೇ ಸುತ್ತಿಗೆಯ ಸದ್ದು ಕೇಳಿಸಿತು. ಗುಂಡಿಯೊಳಗೆ ಇಬ್ಬರು ಮುದುಕರ ಜೊತೆ ಅಪ್ಪ ಕೂತಿದ್ದ. ಅಟ್ಟದ ಗೋಣಿಚೀಲ ಪಕ್ಕದಲ್ಲಿ ಬಿದ್ದಿತ್ತು.

"ನಾಯ್ನಾ! ನಿನ್ನ ಯಾರು ಕರೆದಿದ್ದು?"

"ನಿಮ್ ಸಾರೇ ಫೋನ್ ಮಾಡಿದ್ರು. ಬಂಡೆ ಲೆಕ್ಕ ಬಿಟ್ಟಿದ್ದು ನಿನ್ ತಪ್ಪಂತೆ. ನಾನು ಮೀಟರಿಗೆ ಎಂಟ್ನೂರಕ್ಕೆ ಒಡೆದುಕೊಟ್ರೆ ನಿನ್ ಕೆಲಸ ಉಳೀತದಂತೆ."

ಅವಳಿಗೆ ಉಮಾಶಂಕರನ ಮೇಲಿನ ಸಿಟ್ಟಿಗಿಂತ, ಅಪ್ಪನ ವಿಷಯ ಅವನಿಗೆ ಹೇಳಿದ ತನ್ನ ನಾಲಿಗೆಯ ಮೇಲಿನ ಸಿಟ್ಟೇ ಹೆಚ್ಚಾಗಿತ್ತು.

"ನಾನು ಬಿಟ್ಟಿರ್ಲಿಲ್ಲ ನಾಯ್ನಾ. ಅವನೇ ಹೊಡೆದುಹಾಕಿದ್ದು. ನೀನು ಮೇಲೆ ಬಾ. ಕೆಲಸ ಹೋದ್ರೆ ಹೋಗ್ಲಿ."

"ನಂಗೊತ್ತು. ನೀನು ಬಿಡೋಳಲ್ಲ." ಸೊಣ್ಣಪ್ಪ ಬೆವರು ಒರೆಸಿಕೊಂಡ. "ಎಷ್ಟು ಹಾಕಿದ್ದೆ?"

"ಮೂರು ಸಾವಿರ."

"ಮೂರು ಸಾವಿರ!" ಅವನ ಮುಖ ಅರಳಿತು. ಮೂವತ್ತು ವರ್ಷದಲ್ಲಿ ಅವನ ಕೆಲಸಕ್ಕೆ ಅಷ್ಟು ಬೆಲೆಯನ್ನು ಯಾರೂ ಕಟ್ಟಿರಲಿಲ್ಲ. ಪಕ್ಕದ ಮುದುಕರಿಗೂ ಅದನ್ನು ತೆಲುಗಿನಲ್ಲಿ ಹೇಳಿ ನಕ್ಕ. ಆಮೇಲೆ ಉಳಿಯನ್ನು ಬಂಡೆಗೆ ಒತ್ತಿ ಹಿಡಿದ.

"ನಿನ್ ಕೆಲಸ ಬಿಡಬೇಡ. ದೂರ ನಿಂತ್ಕೋ ಅಮ್ಮಣ್ಣೀ, ಕಣ್ಣಿಗೆ ಚಕ್ಕೆ ಬೀಳ್ತದೆ," ಎಂದು ಸುತ್ತಿಗೆ ಎತ್ತಿದ.