ಚಳಿಗೆ ಕಾದ ಬಟಾಣಿ

ದಸರೆಯ ಬನ್ನಿ ಹಬ್ಬದ ದಿನ, ಪೂಜೆ ಮಾಡಿದ ಸಲಿಕೆಯಿಂದ ನೆಲ ಅಗೆದು ಏನಾದರೂ ಬಿತ್ತಲೇಬೇಕು ಎಂಬುದು ನಮ್ಮ ಅತ್ತೆ ಶಿವದೇವಿಯವರ ತವರಿನ ಪದ್ಧತಿ. ಯಾದಗಿರಿ ಕಡೆಯಿಂದ ಪಟ್ಟಣದ ನಾಚಾರಂ ಬಡಾವಣೆಯ ಈ ಮನೆಗೆ ಬಂದ ಮೇಲೂ ಅವರು ಅದನ್ನು ಬಿಟ್ಟಿಲ್ಲ. ಇಲ್ಲಿ ಹೊಲವೆಂದರೆ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನಾಚೆಗಿನ ಒಂದು ಮಡಿ. ಬಿತ್ತುವುದು ಬಟಾಣಿ, ಅವರ ಅಣ್ಣ ಕೊಟ್ಟ ಬೀಜ. ಅಣ್ಣ ತೀರಿಕೊಂಡರು, ಹೊಲ ಬೇರೆಯವರ ಪಾಲಾಯಿತು. ಆ ಬೀಜ ಈಗ ಇರುವುದು ನಮ್ಮ ಅಡುಗೆಮನೆಯ ಡಬ್ಬಿಯಲ್ಲಿ ಮಾತ್ರ. ಈ ವರ್ಷ ಅದೂ ಒಂದು ಹಿಡಿಗೆ ಇಳಿದಿತ್ತು.

ಹಿಂದಿನ ಎರಡು ವರ್ಷವೂ ಹಬ್ಬದ ದಿನವೇ ಬಿತ್ತಿದ್ದೆವು. ಸಸಿಗಳು ಚೆನ್ನಾಗಿ ಎದ್ದು, ಆಮೇಲೆ ಹಳದಿಯಾಗಿ ಬಾಗಿ ಸತ್ತವು. "ದೃಷ್ಟಿ" ಎಂದರು ಅತ್ತೆ. ಬಾಡಿದ ಸಸಿಯೊಂದರ ಕಾಂಡವನ್ನು ನಾನು ಉಗುರಿನಿಂದ ಸೀಳಿ ನೋಡಿದೆ. ಒಳಗೆ ಬಿಳಿ ಹುಳು. ಬಿಸಿಲಿನಲ್ಲಿ ಎಲೆಗಳ ಮೇಲೆ ಕೂತು ಏಳುತ್ತಿದ್ದ ಸಣ್ಣ ಕರಿ ನೊಣಗಳು ನೆನಪಾದವು; ಮೊಟ್ಟೆ ಇಟ್ಟವು ಅವೇ. ಒಗೆಯುವ ಕಲ್ಲಿನ ಬುಡದಲ್ಲಿ ಕೈತಪ್ಪಿ ಬಿದ್ದಿದ್ದ ಒಂದು ಕಾಳು ಮಾತ್ರ ಚಳಿ ಹಿಡಿದ ಮೇಲೆ ಮೊಳೆತು, ಒಂಟಿಯಾಗಿ ಹಬ್ಬಿ ಕಾಯಿ ಬಿಟ್ಟಿತ್ತು. ಬೀಜಕ್ಕೆ ಇಡೋಣ ಎನ್ನುವಷ್ಟರಲ್ಲಿ ಮಗಳು ಶಾಮಲಾ ಅಷ್ಟನ್ನೂ ಸುಲಿದು ತಿಂದಾಗಿತ್ತು.

ಹೀಗಾಗಿ ಈ ಸಲ ನಾನು ಧೈರ್ಯ ಮಾಡಿ ಹೇಳಿದೆ.

"ಅತ್ತೆವ್ವ, ಹಬ್ಬಕ್ಕ ಮೆಂತ್ಯ ಬಿತ್ತೂಣು. ಬಟಾಣಿ ಚಳಿ ಬಿದ್ದ ಮ್ಯಾಲ."

"ನಮ್ಮಣ್ಣ ಹಬ್ಬದ ದಿನಾನೇ ಬಿತ್ತತಿದ್ದ. ಅವಂಗೇನು ತಿಳೀತಿರಲಿಲ್ಲೇನು?"

"ಅವರ ಹೊಲದಾಗ ನಡೀತಿತ್ತು ಬಿಡ್ರಿ. ಇಲ್ಲಿ ಎಲ್ಲಾರ ಹಿತ್ತಲದಾಗೂ ಅವರಿ, ಅಲಸಂದಿ ಐತಿ. ನೊಣ ಅದರಾಗ ಸಾಕಿ ಬಿಟ್ಟಂಗ ಇರತಾವ."

"ನೊಣಕ್ಕ ಅಂಜಿ ಹಬ್ಬ ಬಿಡತಾರೇನ, ವನಜಾ?"

"ಹಬ್ಬ ಬಿಡೂದಲ್ರಿ. ಬೀಜ ಉಳಸೂದು."

ಅವರು ಬಟಾಣಿ ಡಬ್ಬಿಯನ್ನು ತಿರುಗಿ ಮೇಲಿಟ್ಟರು. ಮೆಂತ್ಯ ಬಿತ್ತಿದೆವು.

ಪಕ್ಕದ ಮನೆಯ ಅಂಬುಬಾಯಿ ಅದೇ ದಿನ ಪೇಟೆಯಿಂದ ತಂದ ಬಟಾಣಿ ಬಿತ್ತಿದ್ದರು. ಅದು ಎದ್ದಿತು, ಅವರ ಬಾಯಿಯೂ ಎದ್ದಿತು. "ಏನ್ರಿ ಶಿವದೇವವ್ವ, ನಿಮ್ಮ ಸೊಸಿ ಬಟಾಣಿಗೆ ಲಗ್ನದ ಮುಹೂರ್ತ ತಗಸಾಕತ್ತಾಳೇನು? ನಮ್ಮವು ನೋಡ್ರಿ, ಗೇಣುದ್ದ ಆಗ್ಯಾವ!"

ಅತ್ತೆ ಎರಡು ಹಿತ್ತಲ ನಡುವಿನ ಗೋಡೆಯಿಂದ ಬಾಗಿಲಿಗೆ, ಬಾಗಿಲಿಂದ ಗೋಡೆಗೆ ಓಡಾಡತೊಡಗಿದರು. ನನಗೂ ನೆಮ್ಮದಿ ಇರಲಿಲ್ಲ. ಒಲೆಯ ಮುಂದೆ ನಿಂತರೆ ಹಿತ್ತಲ ಯೋಚನೆ, ಹಿತ್ತಲಿಗೆ ಹೋದರೆ ಒಲೆಯದು. ಬೆಳಿಗ್ಗೆ ಬರಿಗಾಲು ನೆಲಕ್ಕಿಟ್ಟು ತಣ್ಣಗಾಗಿದೆಯೇ ಎಂದು ನೋಡುತ್ತಿದ್ದೆ. ಮನೆಯಲ್ಲಿ ಫ್ಯಾನು ಇನ್ನೂ ತಿರುಗುತ್ತಲೇ ಇತ್ತು. ಅಂಬುಬಾಯಿಯ ಗಿಡ ಬದುಕಿಬಿಟ್ಟರೆ? ನಾನು ಕಾದು ಕಾದು ಇದ್ದ ಹದವನ್ನೇ ಕಳೆದರೆ?

"ನಿಮ್ಮಿಬ್ಬರ ಬಟಾಣಿ ಸಲುವಾಗಿ ನನ್ನ ಅನ್ನ ಸೀಯಾಕತ್ತೈತಿ" ಎಂದು ನನ್ನ ಗಂಡ ಸೂಗಪ್ಪ ತಟ್ಟೆಯ ಅಂಚಿಗೆ ಕರಕಲನ್ನು ಸರಿಸಿದರು.

ಒಂದು ದಿನ ನಾನು ಸಂತೆಯಿಂದ ಬಂದಾಗ ಅತ್ತೆಯ ಉಗುರುಗಳಲ್ಲಿ ಮಣ್ಣಿತ್ತು. ನಾನು ಕೇಳುವ ಮೊದಲೇ ಹೇಳಿದರು.

"ಅರ್ಧ ಹಾಕೀನಿ. ಅರ್ಧ ನಿನಗ ಇಟ್ಟೀನಿ. ಬೈಯೂದಿದ್ರ ಬೈ."

ಹೇಗೆ ಬೈಯಲಿ? ಹಾಕಿದ್ದರ ಮೇಲೆ ಬೂದಿ ಚೆಲ್ಲಿದೆ, ಶಾಮಲಾಳಿಗೆ ನೊಣ ಓಡಿಸುವ ಕೆಲಸ ಕೊಟ್ಟೆ. ಮೊದಲು ಅಂಬುಬಾಯಿಯ ಗಿಡಗಳು ಮಲಗಿದವು. ನಮ್ಮವು ಆಗಷ್ಟೇ ಎದ್ದಿದ್ದವು. ಸ್ವಲ್ಪ ದಿನಕ್ಕೆ ಅವೂ ಬಾಗಿದವು.

ಅತ್ತೆ ಮಡಿಯ ಪಕ್ಕ ಕೂತು ಒಂದು ಸಸಿ ಕಿತ್ತು ನನ್ನ ಕೈಗಿಟ್ಟರು. "ಸೀಳು. ತೋರಸು."

ಸೀಳಿದೆ. ಹುಳು ನನ್ನ ಉಗುರಿನ ಮೇಲೆ ಹೊರಳಿತು. ಅವರು ಅದನ್ನೇ ನೋಡಿದರು.

"ಅಣ್ಣನ ಬೀಜ ನಾನ ಕೈಯಾರೆ ಇದಕ್ಕ ಉಣಿಸಿದೆ."

"ಅರ್ಧ ಐತಲ್ರಿ, ಅತ್ತೆವ್ವ."

ಕೊನೆಗೆ ಒಂದು ಬೆಳಿಗ್ಗೆ ಶಾಮಲಾಳ ತಲೆಗೆ ಹಚ್ಚಲು ಹೋದರೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಹೆಪ್ಪುಗಟ್ಟಿತ್ತು. ಮಗುವಿನ ಜಡೆಯನ್ನು ಅರ್ಧಕ್ಕೆ ಬಿಟ್ಟು ಹಿತ್ತಲಿಗೆ ಓಡಿದೆ. ಅವರೆ ಬಳ್ಳಿ ಜಾಡಿಸಿದೆ. ಒಂದು ನೊಣವೂ ಏಳಲಿಲ್ಲ. ಅತ್ತೆಯನ್ನು ಕರೆದೆ.

"ನೀನ ಹಾಕು" ಎಂದರು, ಬಾಗಿಲಲ್ಲೇ ನಿಂತು. "ನನ್ನ ಕೈ ಛಲೋ ಇಲ್ಲ."

"ಕೈದೇನು ತಪ್ಪಿಲ್ರಿ. ಆಗ ಹೊತ್ತು ಆಗಿರಲಿಲ್ಲ, ಅಷ್ಟ. ಬರ್ರಿ, ನೆಲ ಹದ ಐತಿ."

ಒಳಗೆ ಹೋದವರು ಕುಂಕುಮ ತಂದರು. ಸಲಿಕೆಗೆ ಹಚ್ಚಿ, ಕೈಮುಗಿದು, ನೆಲ ಕೆದಕಿ, ಕಾಳನ್ನು ಒಂದೊಂದಾಗಿ ಊರಿದರು. ಯಾವ ಹಬ್ಬವೂ ಇಲ್ಲದ ವಾರದ ನಡುವಿನ ದಿನ ಅದು. ಒಳಗಿನಿಂದ ಶಾಮಲಾ "ಅವ್ವಾ, ಜಡಿ!" ಎಂದು ಕೂಗುತ್ತಲೇ ಇದ್ದಳು.

ಸಸಿ ಎದ್ದ ಮೇಲೂ ನಾನು ದಿನಕ್ಕೆ ಎಷ್ಟು ಸಲ ಬಾಗಿ ಕಾಂಡ ಮುಟ್ಟಿ ನೋಡಿದೆನೋ. ಹಳದಿಯಾಗಲಿಲ್ಲ. ಬಳ್ಳಿ ಕಡ್ಡಿ ಹಿಡಿಯಿತು, ಹೂ ಬಂತು. ಕಾಯಿ ತುಂಬುವಾಗ ಅತ್ತೆ ಕೋಲು ಹಿಡಿದು ಅಲ್ಲೇ ಕೂತರು. ಗಿಳಿಗೂ ಅದೇ ಕೋಲು, ಮೊಮ್ಮಗಳಿಗೂ ಅದೇ.

"ಆಯಿ, ಒಂದ ಒಂದು!"

"ಮುಟ್ಟಿ ನೋಡು, ಕೈ ಮುರೀತೀನಿ. ಮುಂದಿನ ವರ್ಷ ಹೊಟ್ಟಿ ಬಿರಿಯೂ ತನ ತಿನ್ನಂತಿ."

ಒಣಗಿದ ಕಾಯಿ ಸುಲಿದ ದಿನ ಅವರು ಮೊರದಲ್ಲಿನ ಕಾಳನ್ನು ಎರಡು ಪಾಲು ಮಾಡಿ, ಒಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಗೋಡೆಯ ಹತ್ತಿರ ನಡೆದರು.

"ಅಂಬುಬಾಯಿ, ತಗೋರಿ. ನಮ್ಮಲ್ಲಿ ಸತ್ತರ ನಿಮ್ಮಲ್ಲರ ಉಳೀಲಿ. ಖರೆ, ಜರಾ ಸಬರ್ ಮಾಡ್ರಿ. ಚಳಿ ಬೀಳೂ ತನ ಹಾಕಬ್ಯಾಡ್ರಿ. ಬನ್ನಿ ದಿನ ಹಾಕಿದ್ರ ನಾ ಗ್ವಾಡಿ ಹಾರಿ ಬಂದು ಕಿತ್ತ ಹಾಕತೀನಿ!"