ಬಿಲ್ವದ ಬುಡಕ್ಕೆ ಗ್ರಾನೈಟು

ಸಮೇತನಹಳ್ಳಿಯ ಈಶ್ವರನ ಗುಡಿಯ ಮುಂದಿರುವ ಬಿಲ್ವದ ಮರ ಆ ವರ್ಷ ಸರಿಯಾಗಿ ಚಿಗುರಲಿಲ್ಲ. ಜೂನ್ ತಿಂಗಳು ಬಂದರೂ ಅರ್ಧ ಮರ ಬೋಳಾಗಿಯೇ ನಿಂತಿತ್ತು. ಪೂಜೆಗೆ ಬಂದವರು ಕತ್ತೆತ್ತಿ ನೋಡಿ, "ಯಾರ ಕಣ್ಣು ಬಿತ್ತೋ" ಎಂದು ಲೊಚಗುಟ್ಟಿ ಹೋಗುತ್ತಿದ್ದರು.

ಬೈರಪ್ಪನವರು ಮಾತ್ರ ದಿನಕ್ಕೆರಡು ಸಲ ಬಂದು ಚಿಗುರು ಹುಡುಕುತ್ತಿದ್ದರು. ಆ ಮರ ನೆಟ್ಟವರು ಅವರ ಹೆಂಡತಿ ಆದಿಲಕ್ಷ್ಮಮ್ಮ. ಮೂವತ್ತು ವರ್ಷ ಕೊಡದಲ್ಲಿ ನೀರು ಹೊತ್ತು ಹಾಕಿದ ಕೈ ಅದು. ಆಕೆ ಶಿವನ ಪಾದ ಸೇರಿ ಎರಡು ವರ್ಷವಾಗಿತ್ತು. ಮೊದಲ ವರ್ಷದ ತಿಥಿಗೆ ಬೈರಪ್ಪನವರು ಮರದ ಸುತ್ತ ಕಾಂಕ್ರೀಟು ಹಾಕಿಸಿ, ಬುಡದವರೆಗೂ ಗ್ರಾನೈಟು ಹೊದಿಸಿ, ಆಕೆಯ ಹೆಸರು ಕೆತ್ತಿಸಿದ್ದರು.

ಊರಿನಲ್ಲಿ ಒಂದು ಗುಂಪಿದೆ. ಪ್ರತಿ ಭಾನುವಾರ ಶಾಲೆಯ ಅಂಗಳದಲ್ಲಿ ಕೂತು ಗಿಡ ಕಸಿ ಮಾಡುವುದು, ಗೊಬ್ಬರ ಮಾಡುವುದು, ರೋಗ ಗುರುತಿಸುವುದನ್ನು ಕೇಳಿದವರಿಗೆಲ್ಲ ಪುಕ್ಕಟೆ ಹೇಳಿಕೊಡುತ್ತದೆ. ಅದರಲ್ಲಿ ನರ್ಸರಿಯಲ್ಲಿ ಕೆಲಸ ಮಾಡುವ ಕವಿತ ಒಬ್ಬಳು. ಒಂದು ಬೆಳಿಗ್ಗೆ ಆಕೆ ಬಂದು ಮರದ ರೆಂಬೆಗಳನ್ನು ಉಗುರಿನಿಂದ ಕೆರೆದು ನೋಡಿದಳು.

"ಈ ಕಡೆ ಒಣಗೋಗಿದೆ ದೊಡ್ಡಪ್ಪ. ಆ ಕಡೆ ತೊಗಟೆ ಕೆಳಗೆ ಇನ್ನೂ ಹಸಿರಿದೆ."

"ಬಿಲ್ವ ಎಲೆ ಉದುರಿಸೋದು ಇದ್ದದ್ದೇ ಬಿಡಮ್ಮ."

"ಉದುರಿಸೋದು ಬೇಸಿಗೇಲಿ. ಇಷ್ಟೊತ್ಗೆ ಚಿಗುರಿರ್ಬೇಕಿತ್ತು. ಬುಡಕ್ಕೆ ಗಾಳಿ ಇಲ್ಲ, ನೀರಿಲ್ಲ. ಈ ಕಲ್ಲು ಕೀಳ್ಬೇಕು."

ಬೈರಪ್ಪನವರ ಮುಖ ಕೆಂಪಾಯಿತು. "ಅದ್ರಲ್ಲಿ ನಿಮ್ಮ ದೊಡ್ಡಮ್ಮನ ಹೆಸರಿದೆ ಕಣಮ್ಮ. ಸತ್ತೋಳ ಹೆಸರು ಕಿತ್ತಾಕು ಅಂತೀಯಾ? ಸಂಬಳ ಇಲ್ದೆ ಊರೋರ ಮರ ಕೆದಕೋದೇ ಕಸುಬಾ ನಿಮ್ಗೆ?"

ಗುಡಿ ಗುಡಿಸುತ್ತಿದ್ದ ಅವರ ಅಕ್ಕ ಅಕ್ಕಯಮ್ಮ ಪೊರಕೆ ನಿಲ್ಲಿಸಿದರು. "ಹೋದ ವಾರ ಬುಡದಲ್ಲಿ ಕರ್ಪೂರ ಹಚ್ಬೇಡಿ, ಎಣ್ಣೆ ಸುರೀಬೇಡಿ ಅಂದ್ಳು. ಇವತ್ತು ಕಲ್ಲು ಬೇಡ ಅಂತವ್ಳೆ. ನಾಳೆ ಕೈ ಮುಗೀಬೇಡಿ ಅಂತಾಳೆ, ನೋಡ್ತಿರು."

"ಕೈ ಮುಗೀರಿ ಅತ್ತೆ, ಯಾರು ಬೇಡ ಅಂದ್ರು?" ಕವಿತಳಿಗೂ ರೇಗಿತು. "ಬೇರು ಸುಟ್ಟು ಕೈ ಮುಗಿದ್ರೆ ಶಿವ ಮೆಚ್ತಾನಾ? ದೊಡ್ಡಮ್ಮ ಹಾಕ್ತಿದ್ದಂಗೆ ಒಂದು ಕೊಡ ನೀರು ತಂದು ಹುಯ್ಯಿರಿ ದೊಡ್ಡಪ್ಪ. ಅದು ಎಲ್ಲಿಗೆ ಹೋಗ್ತದೆ ನೋಡೋಣ."

ಬೈರಪ್ಪನವರು ಸಿಟ್ಟಿನಲ್ಲೇ ಕೊಡ ತುಂಬಿ ತಂದು ಹುಯ್ದರು. ನೀರು ಹೊಳೆಯುವ ಕಲ್ಲಿನ ಮೇಲೆ ಜಾರಿತು. ಆದಿಲಕ್ಷ್ಮಮ್ಮನವರ ಹೆಸರನ್ನು ತೊಳೆದುಕೊಂಡು ನೇರವಾಗಿ ಚರಂಡಿಗೆ ಇಳಿಯಿತು. ಒಂದು ಹನಿಯೂ ಬೇರಿಗೆ ಹೋಗಲಿಲ್ಲ.

ಅವರು ಬರಿದಾದ ಕೊಡವನ್ನು ಕೆಳಗಿಟ್ಟರು.

"ಇದನ್ನ ಯಾರೂ ಮುಂಚೆ ಹೇಳ್ಲಿಲ್ವಲ್ಲ" ಎಂದರು.

"ಕಾಂಕ್ರೀಟು ಹಾಕ್ದಾಗ್ಲೇ ಹೇಳಿದ್ವಿ. ಬೈದು ಕಳ್ಸಿದ್ರಿ."

ಬೈರಪ್ಪನವರು ಮನೆಗೆ ಹೋಗಿ ಹಾರೆ ತಂದರು. ಮೊದಲ ಏಟು ಅವರೇ ಹಾಕಿದರು. "ನೀರು ಹೊತ್ತೋಳು ಅವಳು. ಅವಳ ಹೆಸರಲ್ಲಿ ಕಲ್ಲು ಹೇರಿದೋನು ನಾನು" ಎಂದು ತಮಗೆ ತಾವೇ ಬೈದುಕೊಂಡರು. ಬೇರಿಗೆ ಪೆಟ್ಟಾಗದಂತೆ ಕವಿತ ಕರೆದ ಗುಂಪಿನವರೂ ಬಂದು ಕೈ ಹಾಕಿದರು. ಕಾಂಡದ ಸುತ್ತ ಎರಡು ಮಾರು ಮಣ್ಣು ಬಿಡಿಸಿ, ಮೇಲ್ಮೇಲೆ ಸಡಿಲಿಸಿ, ಕೊಳೆತ ಗೊಬ್ಬರ ತೆಳುವಾಗಿ ಹರಡಿ, ಕಾಂಡಕ್ಕೆ ತಾಗದಂತೆ ತರಗು ಮುಚ್ಚಿದರು. ನಿಧಾನವಾಗಿ ನೀರು ಕುಡಿಸಿದರು. ಅಕ್ಕಯಮ್ಮ ಗೊಣಗುತ್ತಲೇ ಬುಡದಲ್ಲಿ ದೀಪ ಹಚ್ಚುತ್ತಿದ್ದ ಕಲ್ಲನ್ನು ದೂರಕ್ಕೆ ಎತ್ತಿಸಿದರು.

ಒಣಗಿದ ಕೊಂಬೆಗಳು ಮತ್ತೆ ಜೀವ ಹಿಡಿಯಲಿಲ್ಲ. ಅವನ್ನು ಕಡಿಯಬೇಕಾಯಿತು. ಉಳಿದ ಅರ್ಧ ಮಳೆಗಾಲದಲ್ಲಿ ಚಿಗುರಿತು.

ಓದುವವರೇ, ಕೇಳಿ. ನಿಮ್ಮೂರ ಗುಡಿಯ ಮರಕ್ಕೂ ಬುಡದವರೆಗೆ ಸಿಮೆಂಟು ಮೆತ್ತಿದ್ದರೆ ಇವತ್ತೇ ಒಡೆಸಿ. ಬುಡದಲ್ಲಿ ಕರ್ಪೂರ ಉರಿಸಬೇಡಿ, ಎಣ್ಣೆ ಸುರಿಯಬೇಡಿ, ಕಾಂಡಕ್ಕೆ ಮೊಳೆ ಹೊಡೆಯಬೇಡಿ. ಗಿಡದ ವಿಷಯ ತಿಳಿದವರು ಪುಕ್ಕಟೆ ಹೇಳುತ್ತಾರೆಂದು ಅವರ ಮಾತನ್ನು ಹಗುರಮಾಡಬೇಡಿ. ಭಕ್ತಿಯ ಹೆಸರಿನಲ್ಲಿ ಕೊಂದರೂ ಕೊಲೆ ಕೊಲೆಯೇ. ಸತ್ತವರ ಹೆಸರು ಉಳಿಯಬೇಕೆಂದರೆ ಹೊಸ ಸಸಿ ನೆಟ್ಟು ಸಾಕಿ.