ಗಿಣ್ಣಿನ ಎಡೆ

"ಬೇಗ ಹೇಳೋ, ಒಲೆ ಆರ್ತದೆ. ನಿಮ್ಮಜ್ಜಿಗೇನು ಇಷ್ಟ?" ಚಿಕ್ಕಮ್ಮ ಒಲೆಯ ಮುಂದಿನಿಂದ ಕೇಳಿದಳು.

ರಾಮಾಂಜಿನಪ್ಪ ಕಾಲಿನ ಕೆಸರು ಕೆರೆಯತೊಡಗಿದ. ಬೆಂಗಳೂರಿನಿಂದ ಇದ್ದಿಲಿನಿಂದ ಓಡುವ ಬಸ್ಸಿನ ಹೊಗೆ ಕುಡಿದು, ಆವತಿಯಲ್ಲಿಳಿದು, ಬೂಟು ಕೈಯಲ್ಲಿ ಹಿಡಿದು ಕೆಸರು ತುಳಿದು ಬಂದದ್ದು ಈ ಪ್ರಶ್ನೆಗೆ ಉತ್ತರ ಕೊಡಲಿಕ್ಕಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನಿಗೆ ಪ್ರಶ್ನೆ ಕೇಳಿ ಗೊತ್ತೇ ಹೊರತು ಉತ್ತರ ಹೇಳಿ ಗೊತ್ತಿಲ್ಲ.

ಅಜ್ಜಿ ಮುನಿಗಂಗಮ್ಮ ಹೋದ ಮೇಲೆ ಇದು ಮೊದಲ ಹಿರಿಯರ ಹಬ್ಬ. ಒಳಕೋಣೆಯಲ್ಲಿ ಹೊಸ ಸೀರೆಯಿಟ್ಟು, ಎಲೆ ಹಾಕಿ, ಅವಳಿಗೆ ಇಷ್ಟವಾದದ್ದನ್ನು ಬಡಿಸಿ ಬಾಗಿಲು ಮುಚ್ಚಬೇಕು. ಅವಳು ಬಂದು ಉಣ್ಣುತ್ತಾಳೆ. ಇಷ್ಟದ್ದು ಇಲ್ಲದಿದ್ದರೆ ಹಸಿದುಕೊಂಡೇ ಹೋಗುತ್ತಾಳೆ, ಬರುವ ವರ್ಷದವರೆಗೆ. ಇದನ್ನೆಲ್ಲ ರಾಮಾಂಜಿನಪ್ಪ ನಂಬುವವನಲ್ಲ. ಆದರೂ ಚಿಕ್ಕಮ್ಮ ಲಕ್ಕಮ್ಮ "ಹಸ್ಕೊಂಡು" ಅಂದಾಗ ಎದೆ ಚುರುಕ್ಕೆಂದಿತು.

"ತಾಯಿಲ್ದ ಮಗು ಅಂತ ಸಾಕ್ದೋರು ಅವ್ರು. ನಿಂಗೊತ್ತಿಲ್ದೆ ಇನ್ಯಾರಿಗೊತ್ತು?"

"ಗೊತ್ತು, ಗೊತ್ತು. ಯೋಚ್ನೆ ಮಾಡ್ತಿದೀನಿ."

ಯೋಚಿಸಿದ. ಹಿಸುಕಿದ ಅವರೆಬೇಳೆಯ ಸಾರು ನೆನಪಾಯಿತು, ಉಂಡವನು ಇವನು. ಕಜ್ಜಾಯ ನೆನಪಾಯಿತು, ಕದ್ದವನೂ ಇವನೇ, ಅಜ್ಜಿ ಕಂಡೂ ಕಾಣದಂತೆ ಇಲಿಯನ್ನು ಬೈದಿದ್ದಳು. ನೆನಪುಗಳೆಲ್ಲ ಎಲ್ಲಿಂದ ಹೊರಟರೂ ಅವನ ಬಾಯಲ್ಲೇ ಮುಗಿಯುತ್ತಿದ್ದವು. ಎಲ್ಲರ ಊಟವಾದ ಮೇಲೆ ಅಜ್ಜಿ ಹಿತ್ತಲ ಬಾಗಿಲಲ್ಲಿ ತಟ್ಟೆ ಹಿಡಿದು ಕೂರುತ್ತಿದ್ದಳು. ಸುತ್ತ ನಾಯಿ, ಮೇಕೆ, ಒಂದು ಕುಂಟು ಕೋಳಿ. "ಅಮಲ್ದಾರ್ರೇ, ಮೊದ್ಲು ತಾವು" ಎಂದು ನಾಯಿಗೆ ತುತ್ತು ಹಾಕುವಳು. ಆಮೇಲೆ ಆ ತಟ್ಟೆಯಲ್ಲಿ ಏನುಳಿಯುತ್ತಿತ್ತೋ, ಇವನು ಎಂದೂ ಇಣುಕಿ ನೋಡಿರಲಿಲ್ಲ.

ಇವನು ಪಾಸಾದ ವರ್ಷ ಬೆಕ್ಕಿನ ಮರಿಯೊಂದಕ್ಕೆ ಬಿ.ಎ. ಎಂದು ಹೆಸರಿಟ್ಟಳು. "ಯಾಕಜ್ಜಿ?" ಎಂದದ್ದಕ್ಕೆ, "ನಿನ್ ಹಂಗೇ ಕಣೋ. ಉಣ್ಣೋ ಹೊತ್ಗೆ ಬತ್ತದೆ, ಉಂಡು ಮುಖ ತೊಳ್ಕೊಂಡು ಹೋಯ್ತದೆ" ಎಂದು ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವನೂ ನಕ್ಕ. ಅದಾದ ಮೇಲೆ ಊರಿಗೆ ಬಂದದ್ದು ಅವಳ ಮಣ್ಣಿಗೆ. ಅದಕ್ಕೂ ತಡವಾಗಿತ್ತು.

"ಗಿಣ್ಣು," ಎಂದುಬಿಟ್ಟ. ಕೊಟ್ಟಿಗೆಯಲ್ಲಿ ಹಸು ಆಗಷ್ಟೇ ಕರು ಹಾಕಿತ್ತು. ಗಿಣ್ಣೆಂದರೆ ಅವನಿಗೆ ಪ್ರಾಣ.

"ಅತ್ತೆಗಾ?" ಚಿಕ್ಕಮ್ಮ ಅವನ ಮುಖ ನೋಡಿದಳು. "ನಾ ಕಂಡಂಗೆ ಅವ್ರು ಬಾಯಿಗಿಟ್ಟಿದ್ದೇ ಇಲ್ಲ."

"ನಂಗೇಳಿದ್ಲು."

ಗಿಣ್ಣು ಬೆಂದಿತು. ಮುದ್ದೆ, ಕೋಳಿಸಾರಿನ ಪಕ್ಕದಲ್ಲಿ ಅದೂ ಎಲೆಗೆ ಬಂತು. ಚಿಕ್ಕಪ್ಪ ಬೈಲಪ್ಪ ಧೂಪ ಹಾಕಿ ಎಲ್ಲರನ್ನೂ ಹೊರಗೆ ಕಳಿಸಿದ. "ಬೆಕ್ಕುಗಿಕ್ಕು ಐತಾ ನೋಡಿ, ಬಾಗ್ಲಾಕ್ಕೊಂಡು ಬಾರಪ್ಪಾ" ಎಂದು ತಾನೂ ಹೊರಟ.

ರಾಮಾಂಜಿನಪ್ಪ ಬೆಕ್ಕನ್ನು ಹುಡುಕಲಿಲ್ಲ. ಸೀರೆಯ ಮುಂದೆ ನಿಂತು, ಅಳು ಬರುತ್ತದೇನೋ ಎಂದು ಕಾದ. ಧೂಪದ ಹೊಗೆಗೆ ಕಣ್ಣಲ್ಲಿ ನೀರು ಬಂತು. ಇರಲಿ ಎಂದು ಅದನ್ನೇ ಒರೆಸಿಕೊಂಡು ಹೊರಬಂದು ಬಾಗಿಲೆಳೆದ.

ಎಲ್ಲರೂ ನಡುಮನೆಯಲ್ಲಿ ಒಳಕೋಣೆಗೆ ಕಿವಿಗೊಟ್ಟು ಕೂತರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಚಪಚಪ ಸದ್ದು ಬಂತು.

"ಬಂದವ್ರೆ!" ಚಿಕ್ಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ನೀನೇಳಿದ್ದು ದಿಟ ಕಣೋ. ಗಿಣ್ಣೇ ಉಣ್ತಾವ್ರೆ."

ತರ್ಕಶಾಸ್ತ್ರ ಎತ್ತಲೋ ಹೋಯಿತು. ಉಣ್ಣಜ್ಜಿ, ಹೊಟ್ಟೆ ತುಂಬ ಉಣ್ಣು, ಎಂದು ಅವನ ಒಳಗೆ ಯಾರೋ ಅಂಗಲಾಚಿದರು. ಈ ಸಲ ಕಣ್ಣಿಗೆ ಬಂದದ್ದು ಹೊಗೆಯ ನೀರಲ್ಲ.

"ಹೋಗು, ನೀನೇ ತಟ್ಟಿ ಕೇಳು. ಉಂಡ್ಯಾ ಅಜ್ಜಿ ಅನ್ನು" ಎಂದಳು ಚಿಕ್ಕಮ್ಮ.

ತಟ್ಟಿದ. ಕೇಳಿದ. ಬಾಗಿಲನ್ನು ಗೇಣಷ್ಟು ಸರಿಸಿದ.

ಹೊಸ ಸೀರೆಯ ಮೇಲೆ ಬಿ.ಎ. ಕೂತಿತ್ತು. ಗಿಣ್ಣು ಖಾಲಿ. ಅದು ಇವನನ್ನು ಒಮ್ಮೆ ನೋಡಿ, ಮೀಸೆ ನೆಕ್ಕಿಕೊಂಡು, ನಿಧಾನವಾಗಿ ಮುಖ ತೊಳೆಯತೊಡಗಿತು.

"ಉಂಡ್ರೇನೋ?" ಚಿಕ್ಕಮ್ಮ ಹಿಂದಿನಿಂದ ಕೇಳಿದಳು.

"ಇನ್ನೂ ಉಣ್ತಾವ್ಳೆ" ಎಂದು ಬಾಗಿಲನ್ನು ಎಳೆದು ಹಿಡಿದು ನಿಂತ.

ಒಳಗೆ ಮೂಳೆ ಕಡಿಯುವ ಸದ್ದು ಶುರುವಾಯಿತು. ಹಿಂದೆ ಎಲ್ಲರೂ ಕೈಮುಗಿದರು. ರಾಮಾಂಜಿನಪ್ಪನ ಬಾಯಲ್ಲಿ ನೀರೂರಿತು.